ಪಂಚಮಿಗೆ ಎರಡು ಟೈರು

ನನ್ನ ತಮ್ಮ ಬಾಬಣ್ಣ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವನನ್ನು ಬೈಯುವುದೇ ಹೆಚ್ಚಾಗುತ್ತದೆ. ಬೆಟಗೇರಿಯಲ್ಲಿ ಸ್ವಂತ ಮನೆ, ಮನೆಯೊಳಗೆ ಮಗ್ಗ, ಗದಗಿನ ಪೇಟೆಯಲ್ಲಿ ಸೀರೆ ಅಂಗಡಿ, ಎದುರು ಮಾತಾಡದ ಹೆಂಡತಿ ಕಲ್ಪನಾ, ಈಗಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ನಮ್ಮವ್ವ. ದೇವರು ಇಷ್ಟು ಕೊಟ್ಟ ಮೇಲೆ ಮನುಷ್ಯ ತೆಪ್ಪಗಿರಬೇಕೋ ಬೇಡವೋ? ಇವನು ಹೋಗಿ ಒಂದು ಹಳೆ ಕಾಂಟೆಸ್ಸಾ ಕಾರು ತಂದು ಬಾಗಿಲಿಗೆ ನಿಲ್ಲಿಸಿದ.

ಕಾಂಟೆಸ್ಸಾ ನೋಡದವರಿಗೆ ಹೇಳುತ್ತೇನೆ. ಈಗ ಯಾರೂ ಮಾಡದ ಕಾರು ಅದು. ಮೂತಿಯೂ ಉದ್ದ, ಡಿಕ್ಕಿಯೂ ಉದ್ದ, ನಡುವೆ ಮಂದಿ ಕೂರಲು ಸೋಫಾದಂಥ ಸೀಟು. ಒಂದು ಕಾಲಕ್ಕೆ ರಸ್ತೆಯಲ್ಲಿ ಅದನ್ನು ಹಿಂದೆ ಹಾಕುವವರೇ ಇರಲಿಲ್ಲ ಎಂದು ಬಾಬಣ್ಣ ದಿನಕ್ಕೊಮ್ಮೆ ಹೇಳುತ್ತಾನೆ. ಇದ್ದೀತು. ಆದರೆ ಎಂಜಿನ್ ಮುಂದೆ ಇದ್ದರೂ ಗಾಡಿಯನ್ನು ನೂಕುವುದು ಹಿಂದಿನ ಗಾಲಿಗಳು, ಆ ಗಾಲಿಗಳ ಮೇಲೆ ಭಾರವಿಲ್ಲ, ಅವನು ಓಡಿಸುತ್ತಿದ್ದ ಟೈರುಗಳೋ ನಮ್ಮ ಯಜಮಾನರ ತಲೆಯ ಹಾಗೆ ಬೋಳು. ಒಣ ರಸ್ತೆಯಲ್ಲಿ ಹೇಗೋ ನಡೆಯಿತು. ಮಳೆ ಬಿತ್ತೆಂದರೆ ಮೂತಿ ಗದಗಿಗೆ ಹೊರಟಾಗ ಡಿಕ್ಕಿ ಮುಂಡರಗಿಗೆ ಹೊರಡುತ್ತಿತ್ತು.

ಹೋದ ವರ್ಷದ ಪಂಚಮಿಯಲ್ಲಿ ಆದದ್ದೂ ಅದೇ. ನಮ್ಮ ಕಡೆ ನಾಗರಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹೋಗಬೇಕು. ಸುಮ್ಮನೆ ಹೋದರೆ ಆಗಲಿಲ್ಲ, ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ತಾನಾಗಿಯೇ ಬಸ್ಸು ಹತ್ತಿ ಹೋದವಳನ್ನು ಓಣಿಯವರು "ಯಾರೂ ಕರಿಯಾಕ ಬರಲಿಲ್ಲೇನವಾ" ಎಂದು ಕೇಳಿ ಕೇಳಿಯೇ ಕೊಲ್ಲುತ್ತಾರೆ. ನನ್ನನ್ನು ಕೊಟ್ಟದ್ದು ಲಕ್ಷ್ಮೇಶ್ವರಕ್ಕೆ. ಬಾಬಣ್ಣ ಕಾಂಟೆಸ್ಸಾ ತಂದ, ನಾನು ಉಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತೆ. ಶಿರಹಟ್ಟಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಯಾವುದೋ ಟ್ರ್ಯಾಕ್ಟರು ಹೊಲದ ಎರೆಮಣ್ಣನ್ನೆಲ್ಲ ಡಾಂಬರಿಗೆ ಬಳಿದು ಹೋಗಿತ್ತು. ಅದರ ಮೇಲೆ ಜಿಟಿಜಿಟಿ ಮಳೆ. ಕಾರು ಗರಗರ ತಿರುಗಿ ಲಕ್ಷ್ಮೇಶ್ವರದ ಕಡೆ ಮುಖ ಮಾಡಿ ನಿಂತಿತು, ಗಂಡನ ಮನೆಗೇ ನಡಿ ಎನ್ನುವ ಹಾಗೆ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ ಎಲ್ಲ ಸೀಟಿನ ಕೆಳಗೆ ಉರುಳಿದವು. ಎದುರಿಗೆ ನಿಂತ ಬಸ್ಸಿನ ಕಂಡಕ್ಟರ್ ಇಳಿದು ಬಂದು, "ಯಕ್ಕಾ, ಪೆಟ್ಟಾತೇನ್ರಿ" ಎಂದ. ಇಲ್ಲ ಎಂದ ಮೇಲೆ ಒಂದು ಉಂಡಿ ತೆಗೆದುಕೊಂಡು ಹೋದ. ಬಸ್ಸಿನ ಮಂದಿಯೆಲ್ಲ ಕಿಟಕಿಗೆ ಮುಖ ಹಚ್ಚಿ ನೋಡುತ್ತಿದ್ದರು. ಇನ್ನು ಈ ಗಾಡಿ ಹತ್ತಿದರೆ ಕೇಳು ಎಂದು ಅವತ್ತೇ ಆಣೆ ಮಾಡಿದೆ.

ಈ ವರ್ಷ ಶ್ರಾವಣ ಹತ್ತಿರ ಬಂದಾಗ ಅವನ ಫೋನು ಬಂತು.

"ಅಕ್ಕಾ, ಈ ಸಲ ಹಿಂದ ಹೊಸಾ ಟೈರ್ ಹಾಕಸ್ತೀನಿ. ಉಡ ಹಿಡದಂಗ ಹಿಡಿಯೂವಂಥಾವು."

"ನೀ ಬಸ್ಸಿಗೆ ಬಾ. ಇಬ್ರೂ ಬಸ್ಸಿನ್ಯಾಗ ಹೋಗೂಣು."

"ಗಾಡಿ ಮನ್ಯಾಗಿಟ್ಟು ನಾ ಯಾಕ ಬಸ್ಸಿಗೆ ಬರಲಿ? ಬಂದ್ರ ಕಾರ್ ತುಗೊಂಡ ಬರಾಂವ."

"ಹಂಗಾದ್ರ ಬರಬ್ಯಾಡ. ನಾನೂ ಬರಂಗಿಲ್ಲ."

ಸಿಟ್ಟಿನಲ್ಲಿ ಫೋನು ಇಟ್ಟೆ. ಮದುವೆಯಾದಾಗಿನಿಂದ ಪಂಚಮಿಗೆ ತವರು ತಪ್ಪಿಸಿದವಳಲ್ಲ ನಾನು. ಅವ್ವ ಉಂಡಿ ಕಟ್ಟಿ ಡಬ್ಬಿ ತುಂಬಿಟ್ಟು, ಜೋಕಾಲಿಗೆ ಹಗ್ಗ ಹಾಕಿಸಿ, ಬಾಗಿಲಲ್ಲಿ ಕುಳಿತಿರುತ್ತಾಳೆ. ಅವಳಿಗೇನು ಹೇಳಲಿ, ಟೈರು ಸರಿಯಿಲ್ಲ ಎಂದು ನಿನ್ನ ಮಗಳು ಬರಲಿಲ್ಲ ಎಂದೇ?

ಅವನ ಹಟಕ್ಕೂ ಒಂದು ಕಾರಣ ಉಂಟು, ಅದು ನನಗೆ ಗೊತ್ತು. ನನ್ನ ಮದುವೆಯ ಮೊದಲ ಪಂಚಮಿಗೆ ಅಪ್ಪನ ಜೊತೆ ಕರೆಯಲು ಬಂದಾಗ ಬಾಬಣ್ಣನಿಗೆ ಚಡ್ಡಿ ನಿಲ್ಲುತ್ತಿರಲಿಲ್ಲ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಮೊದಲ ಬಸುರಿ, ಗದಗಿನ ತನಕ ನಿಂತೇ ಹೋದೆ, ದಾರಿಯುದ್ದಕ್ಕೂ ವಾಂತಿ. ಇವನು ನನ್ನ ಸೆರಗು ಹಿಡಿದುಕೊಂಡು, "ಅಕ್ಕಾ, ನಾ ದೊಡ್ಡಾಂವ ಆದ ಮ್ಯಾಲ ನಿನ್ನ ಕಾರಿನ್ಯಾಗ ಕರಕೊಂಡ ಹೊಕ್ಕೇನಿ" ಎಂದು ಅತ್ತಿದ್ದ. ದೊಡ್ಡವನಾದ, ಕಾರೂ ತಂದ. ಆ ಕಾರು ನನ್ನನ್ನು ಗಿರಗಿಟ್ಲೆ ಆಡಿಸಿದರೆ ನಾನೇನು ಮಾಡಲಿ?

ನಮ್ಮ ಯಜಮಾನರು ಕಾಳಿನ ವ್ಯಾಪಾರದವರು, ಯಾವ ಜಗಳವನ್ನೂ ಸೌದಾ ಮಾಡಿ ಮುಗಿಸುವವರು. ನನ್ನ ಮೋರೆ ನೋಡಿ ತಾವೇ ಬಾಬಣ್ಣನಿಗೆ ಫೋನು ಹಚ್ಚಿದರು.

"ನಮ್ಮ ಓಣಿ ಏರು ನಿನಗ ಗೊತ್ತಲ್ಲ. ಹಾಸಗಲ್ಲಿನ ಏರು, ಮಳಿಗೆ ಪಾಚಿ ಕಟ್ಟೈತಿ. ಪಂಚಮಿ ದಿವಸ ಬಾ, ಹೊಸಾ ಟೈರಿನ ಮ್ಯಾಲ ಏರು ಹತ್ತಿಸಿ ತೋರಸು. ಹಿಂದಿನ ಗಾಲಿ ಜಾರಿದ್ವು ಅಂದ್ರ ಗಾಡಿ ಮಾರಿಬಿಡು, ಪ್ರತಿವರ್ಷ ಬಸ್ಸಿಗೆ ಬಂದು ಅಕ್ಕನ್ನ ಕರಕೊಂಡ ಹೋಗು. ಹತ್ತಿತು ಅಂದ್ರ ನಿಮ್ಮಕ್ಕ ಗಾಡ್ಯಾಗ ಬರತಾಳ. ಬೆಟಗೇರಿ ಮುಟ್ಟೂತನಕಾ ಒಂದ ಮಾತ ಆಡಂಗಿಲ್ಲ."

"ಕಡೀ ಶರತ್ತು ಭಾಳ ಆತು ಮಾಮಾ, ಅಕ್ಕಗ ಆಗಂಗಿಲ್ಲ" ಎಂದ ಅವನು. ಅವನ ಆ ಮಾತಿಗೇ ಸಿಟ್ಟು ಬಂದು ನಾನು ಒಪ್ಪಿಕೊಂಡೆ.

ಅಲ್ಲಿಂದ ಶುರುವಾಯಿತು ನೋಡಿ ಟೈರಿನ ಪುರಾಣ. ಬೆಟಗೇರಿಯಲ್ಲಿ ಕನ್ಯೆ ನೋಡುವುದಕ್ಕೂ ಇಷ್ಟು ಮಂದಿ ಬಾಯಿ ಹಾಕುವುದಿಲ್ಲ. ಒಬ್ಬ ಗಾಲಿಗೆ ನಾರಿನ ಹಗ್ಗ ಸುತ್ತು ಎಂದ. ಹೊಂಬಳದಿಂದ ಸೀರೆ ಕೊಳ್ಳಲು ಬಂದ ರೈತನೊಬ್ಬ ಡಿಕ್ಕಿಯಲ್ಲಿ ಜೋಳದ ಚೀಲ ಹಾಕು, ಹಿಂಭಾಗ ನೆಲ ಕಚ್ಚುತ್ತದೆ ಎಂದ. ಅದನ್ನು ಕೇಳಿದ ಬಾಬಣ್ಣ ನನಗೆ ಫೋನು ಮಾಡಿ, "ಅಕ್ಕಾ, ನಿನ್ನ ತೂಕ ಈಗೆಷ್ಟೈತಿ" ಎಂದ. ಅವನಿಗೆ ಆಗ ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಕೊನೆಗೆ ಬೆಟಗೇರಿಯ ಟೈರ್ ಅಂಗಡಿಯ ಶಾಕೀರನ ಹತ್ತಿರ ಹೋಗಿ, ಅಲ್ಲಿಂದ ವಿಡಿಯೋ ಕಾಲ್ ಮಾಡಿದ. ನಾನು ಹೋಳಿಗೆಗೆ ಕಣಕ ನಾದುತ್ತಿದ್ದೆ. ಮೊದಲು ತೋರಿಸಿದ್ದು ದಪ್ಪ ದಪ್ಪ ಹಲ್ಲಿನ ಟೈರು.

"ಗೋಪುರದ ದಡಿ ಇದ್ದಂಗೈತಿ. ಛಲೋ ಐತಿ, ಇದನ್ನ ತುಗೋ" ಎಂದೆ ನಾನು. ನೇಕಾರರ ಮಗಳು, ಟೈರಿನಲ್ಲಿ ನನಗೆ ಕಾಣುವುದು ಸೀರೆಯ ದಡಿಯೇ.

ಶಾಕೀರ ಫೋನಿಗೆ ಮುಖ ತೂರಿಸಿದ. "ಅಕ್ಕಾರ, ಅದು ಹೊಲದಾಗ ಹೋಗೂದ್ರಿ. ಕೆಸರಿನ್ಯಾಗ ಹುಲಿ. ಹಸಿ ಡಾಂಬರ ಮ್ಯಾಲ ನಿಮ್ಮನ್ನ ಮತ್ತ ಬಸ್ಸಿನ ಮುಂದ ಕುಣಸ್ತೈತಿ. ರಬ್ಬರ್ ಭಾಳ ಬಿರಸ ಇರತೈತ್ರಿ."

ಎರಡನೆಯದು ಅಗಲವಾಗಿತ್ತು, ಮೈಮೇಲೆ ಗೀರು ಕಡಿಮೆ, ಬದಿಗೆ ಬಿಳಿ ಅಕ್ಷರ. ಬಾಬಣ್ಣನ ಜೀವ ಅದರ ಮೇಲೆಯೇ ಇತ್ತು, ದನಿಯಲ್ಲೇ ಗೊತ್ತಾಗುತ್ತಿತ್ತು. ಶಾಕೀರ ಅದನ್ನೂ ಬೇಡವೆಂದ. ನೀರು ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದಂತೆ. ಮೂರನೆಯದು ನೋಡಲು ಬಡಪಾಯಿ, ಒಡಲಿನ ತುಂಬ ಮೀನಿನ ಮುಳ್ಳಿನಂಥ ಗೀರು.

"ಇದರ ರಬ್ಬರ್ ಮೆತ್ತಗೈತ್ರಿ, ರೋಡ ಹಿಡಕೋತೈತಿ. ನೀರು ಎರಡೂ ಬಾಜೂ ಹೊರಗ ಹೊಕ್ಕೈತಿ. ಆದ್ರ ಜಲ್ದಿ ಸವಿತೈತಿ, ಆಮ್ಯಾಲ ನನಗ ಬೈಬ್ಯಾಡ್ರಿ."

"ಇದನ್ನ ಹಾಕಿದ್ರ ಗಾಡಿ ಮಾಸ್ತರರ ಗಾಡಿ ಕಂಡಂಗ ಕಾಣತೈತಲ್ಲೋ ಶಾಕೀರಾ" ಎಂದು ಬಾಬಣ್ಣ ಗೋಳಾಡಿದ. ಬಿಳಿ ಅಕ್ಷರದ ಟೈರನ್ನು ಒಂದು ಸಲ ತಡವಿದ. ಆಮೇಲೆ ಉಸಿರು ಬಿಟ್ಟು, "ಮೀನಿನ ಮುಳ್ಳಿನ ಟೈರ್ ಹಾಕು" ಎಂದ. ಅಷ್ಟು ಬುದ್ಧಿ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

ಪಂಚಮಿಯ ದಿನ ಬೆಳಗಿನಿಂದಲೇ ಮಳೆ. ನಾನು ಹೊಸ ಸೀರೆ ಉಟ್ಟು, ಚೀಲ ಕಟ್ಟಿ, ಕಟ್ಟಿದ ಚೀಲ ಯಾರಿಗೂ ಕಾಣದ ಹಾಗೆ ಬಾಗಿಲ ಹಿಂದೆ ಇಟ್ಟಿದ್ದೆ. ಕಾಂಟೆಸ್ಸಾ ಬರುವುದಕ್ಕೆ ಮೊದಲೇ ಮುಂಡರಗಿಯ ವೀರೇಶ ಮೋಟಾರು ಸೈಕಲ್ಲಿನ ಮೇಲೆ ಬಂದು ಕುಳಿತಿದ್ದ. ಮದುವೆಗೆ ಕಾರು ಬಾಡಿಗೆ ಕೊಡುವವನು ಅವನು. ಮದುಮಕ್ಕಳ ಮೆರವಣಿಗೆಗೆ ಕಾಂಟೆಸ್ಸಾ ಬೇಕೆಂದು ಬಾಬಣ್ಣನ ಬೆನ್ನು ಹತ್ತಿ ವರ್ಷವಾಗಿತ್ತು. ಪಣದ ಖಬರು ಅವನಿಗೆ ಹೇಗೆ ಮುಟ್ಟಿತೋ, ಕೈಯಲ್ಲಿ ಚೆಂಡುಹೂವಿನ ಹಾರವನ್ನೇ ತಂದಿದ್ದ. ಸತ್ತವರ ಮನೆಗೆ ಮೊದಲೇ ಬಂದು ಕುಳಿತವನ ಹಾಗೆ ಕಂಡ ನನಗೆ.

ಬಾಬಣ್ಣ ಇಳಿದವನೇ ನನ್ನ ಕಾಲು ಮುಟ್ಟುವ ಮೊದಲು ಟೈರು ತೋರಿಸಿದ. ನಾನು ಬಗ್ಗಿ ಉಗುರು ಒತ್ತಿದೆ, ಮೆತ್ತಗೆ ಇತ್ತು. ಮುಂದಿನವು ಮಾತ್ರ ಹಳೆಯವೇ.

"ಮುಂದಿನ ಎರಡು ಯಾಕ ಹಾಕಸ್ಲಿಲ್ಲ?" ಎಂದೆ.

"ಈ ಅಳತೀವು ಹುಬ್ಬಳ್ಳಿಯಿಂದ ತರಸಬೇಕಾತು. ಎರಡ ಬಂದ್ವು" ಎಂದು ಮುಖ ಆ ಕಡೆ ತಿರುಗಿಸಿದ.

ಒಳಗೆ ಕರೆದು ಕೂರಿಸಿದೆ. ಅವಲಕ್ಕಿ, ಉಂಡಿ, ಚಹಾ. ನಮ್ಮತ್ತೆ ಸುಮಿತ್ರವ್ವ ಹುಟ್ಟಿದಾಗಿನಿಂದ ಮಗ್ಗದ ಸಪ್ಪಳ ಕೇಳಿಕೊಂಡು ಬೆಳೆದವರು, ಈಗ ಹೆಚ್ಚಾಗಿ ಜಗಲಿಯ ಮೇಲೆಯೇ ಇರುತ್ತಾರೆ. ಬಾಬಣ್ಣನೆಂದರೆ ಅವರಿಗೆ ನನಗಿಂತ ಹೆಚ್ಚು ಪ್ರೀತಿ.

"ಹೊಸಾ ಗಾಲಿ ಹಾಕಿಯಂತಲ್ಲೋ ಬಾಬಾ. ಶಾಸ್ತ್ರ ಏನರ ಮಾಡೀರೇನು?"

"ಲಿಂಬಿಹಣ್ಣ ಇಟ್ಟು ಹಾಯಿಸೀನಿ ಆಯಿ."

"ಅದಲ್ಲೋ" ಎಂದು ಅತ್ತೆ ಎದ್ದು ದೇವರ ಕೋಣೆಯ ಕಡೆ ಹೋದರು. ನಾವು ಚಹಾ ಕುಡಿಯುತ್ತ ವೀರೇಶನ ಹಾರ ನೋಡುತ್ತ ಕುಳಿತೆವು.

ಆಮೇಲೆ ಎಲ್ಲರೂ ಹೊರಗೆ ಬಂದೆವು. ಓಣಿಯ ಮಂದಿ ಕೊಡೆ ಹಿಡಿದು ಎರಡೂ ಕಡೆ ನಿಂತಿದ್ದರು. ಬಾಬಣ್ಣ ಬೇವಿನ ಕಟ್ಟೆಯ ನಾಗಪ್ಪನಿಗೆ ಕೈಮುಗಿದು ಗಾಡಿ ಹತ್ತಿದ, ಗೇರು ಹಾಕಿದ, ಕಾಂಟೆಸ್ಸಾ ಗುಡುಗಿತು. ಏರಿಗೆ ಮೂತಿ ಇಟ್ಟದ್ದಷ್ಟೇ ಬಂತು. ಹಿಂದಿನ ಗಾಲಿಗಳು ನಿಂತ ಜಾಗದಲ್ಲೇ ಸರ್ರನೆ ತಿರುಗಿದವು, ಡಿಕ್ಕಿ ಎಡಕ್ಕೆ ಬಳುಕಿತು, ಬಲಕ್ಕೆ ಬಳುಕಿತು, ಆಮೇಲೆ ಇಡೀ ಗಾಡಿ ನಿಧಾನವಾಗಿ ಮರ್ಯಾದೆಯಿಂದ ಹಿಂದಕ್ಕೆ ಜಾರುತ್ತ ಬಂದು ಬೇವಿನ ಕಟ್ಟೆಗೆ ಬೆನ್ನು ಕೊಟ್ಟು ನಿಂತಿತು. ಕಟ್ಟೆಯ ಮೇಲೆ ಕುಳಿತಿದ್ದ ಇಬ್ಬರು ಮುದುಕರು ಕಾಲು ಮೇಲೆತ್ತಿಕೊಂಡರು, ಎದ್ದು ಹೋಗಲಿಲ್ಲ.

ಓಣಿಗೆ ಓಣಿಯೇ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ವೀರೇಶ ತಡಮಾಡದೆ ಹೋಗಿ ಕಾರಿನ ಮೂತಿಗೆ ಹಾರ ಹಾಕಿದ.

ಬಾಬಣ್ಣ ಇಳಿದು ಬಂದು ಕೀಲಿಯನ್ನು ನಮ್ಮ ಯಜಮಾನರ ಕೈಗೆ ಕೊಟ್ಟ. "ಮಾತಂದ್ರ ಮಾತ ಮಾಮಾ. ಅಕ್ಕಾ, ಚೀಲ ತುಗೋ, ಬಸ್ ಸ್ಟ್ಯಾಂಡಿಗೆ ನಡಿ." ಮತ್ತೆ ಗಾಡಿಯ ಹತ್ತಿರ ಹೋಗಿ ಹಿಂದಿನ ಬಾಗಿಲು ತೆಗೆದು ಒಂದು ದಿಂಬು ಹೊರಗೆ ತಂದ. ನನ್ನ ಸೊಂಟಕ್ಕೆಂದು ಹೊಸ ಗಲೀಫು ಹಾಕಿಸಿ ತಂದಿದ್ದನಂತೆ. ಅದನ್ನು ಮಳೆಯಲ್ಲಿ ನೆನೆಯದ ಹಾಗೆ ಅಂಗಿಯೊಳಗೆ ಸಿಕ್ಕಿಸಿಕೊಂಡ. ಈಗ ನನಗೆ ನಗು ಬರಲಿಲ್ಲ.

ನಾನು ಚೀಲ ತರಲು ತಿರುಗಿದೆ. ಆಗ ಮೂಗಿಗೆ ವಾಸನೆ ಬಡಿಯಿತು, ಕೊಬ್ಬರಿ ಎಣ್ಣೆಯದು. ಟೈರಿನ ಹತ್ತಿರ ಹೋದೆ. ಮಳೆಯ ಹನಿಗಳು ರಬ್ಬರಿನ ಮೇಲೆ ನಿಲ್ಲದೆ ಮುತ್ತಿನ ಹಾಗೆ ಜಾರುತ್ತಿದ್ದವು. ಕತ್ತೆತ್ತಿ ನೋಡಿದರೆ ಜಗಲಿಯ ಮೇಲೆ ನಮ್ಮತ್ತೆ, ಕೈಯಲ್ಲಿ ಎಣ್ಣೆಯ ಗಿಂಡಿ, ಮುಖದ ತುಂಬ ಸಂತೋಷ.

ನಮ್ಮ ಮಂದಿಯಲ್ಲಿ ಮಗ್ಗಕ್ಕೆ ಅಡ್ಡ ನೂಲು ಎಳೆಯುವ ಹೊಸ ಲಾಳಿ ಬಂದರೆ ಮನೆಯ ಹಿರಿಯಳು ಮೊದಲು ಎಣ್ಣೆ ಹಚ್ಚಬೇಕು. ಎಣ್ಣೆ ಉಂಡ ಲಾಳಿ ಎಳೆ ಹರಿಯದೆ ಈ ಕಡೆಯಿಂದ ಆ ಕಡೆಗೆ ಸರಾಗವಾಗಿ ಜಾರುತ್ತದೆ. ಓಡುವುದಕ್ಕೆಲ್ಲ ಎಣ್ಣೆ ಬೇಕು ಎನ್ನುವುದು ಅತ್ತೆಯ ವೇದ. ಲಾಳಿಯೂ ಓಡುತ್ತದೆ, ಗಾಲಿಯೂ ಓಡುತ್ತದೆ. ನಾವು ಒಳಗೆ ಚಹಾ ಕುಡಿಯುವಾಗ ಆ ಮುದುಕಿ ಮಳೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು, ಶಾಕೀರ ಆರಿಸಿದ ಮೀನಿನ ಮುಳ್ಳಿನ ಗೀರುಗೀರಿಗೂ ಬೆರಳು ಹಾಕಿ ಎಣ್ಣೆ ತುಂಬಿದ್ದರು.

ಇದು ಗೊತ್ತಾದದ್ದು ನನಗೊಬ್ಬಳಿಗೆ. ಬಾಯಿ ಮುಚ್ಚಿಕೊಂಡಿದ್ದರೆ ಗಾಡಿಯ ಪೀಡೆ ಜನ್ಮಕ್ಕೆ ತೊಲಗುತ್ತಿತ್ತು. ಬಸ್ಸು, ತಮ್ಮ, ತವರು, ನಾನು ಕೇಳಿದ್ದೆಲ್ಲ ಸಿಕ್ಕಿತ್ತು. ಅತ್ತೆಯ ಮಾನವೂ ಉಳಿಯುತ್ತಿತ್ತು. ಸುಮ್ಮನೆ ನಿಂತೆ.

ವೀರೇಶ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅಲ್ಲೋ ಬಾಬಣ್ಣ, ಮುಂದಿನ ಟೈರ ಹಳೇವ ಇಟ್ಟೀಯಲ್ಲ. ಎರಡ ಜೋಡಿ ಸಿಗಲಿಲ್ಲೇನು?" ಎಂದ.

"ಎರಡನೇ ಜೋಡಿ ಬರಾಕ ಹಬ್ಬ ಮುಗೀತಿತ್ತು. ಒಂದ ಜೋಡಿ ಬಂದಿತ್ತು, ಹಿಂದ ಹಾಕಸ್ದೆ" ಎಂದ ಬಾಬಣ್ಣ ಗಾಡಿಯ ಕಡೆ ನೋಡದೆ. "ಮುಂದ ನಾ ಕುಂದ್ರತೀನಿ. ಹಿಂದ ನಮ್ಮಕ್ಕ ಕುಂದ್ರತಾಳ."

ಗಾಡಿ ಹಾಗೆ ನಡೆಯುವುದಿಲ್ಲ, ಹಿಂದಿನ ಗಾಲಿ ಜಾರಿದರೆ ಮುಂದೆ ಕುಳಿತವನೂ ಉಳಿಯುವುದಿಲ್ಲ ಎನ್ನುವುದು ನನಗೇ ಗೊತ್ತು. ಈ ಹುಚ್ಚನಿಗೆ ಗೊತ್ತಿರಲಿಲ್ಲವೇ? ಆದರೂ ಅವನ ತಲೆಯಲ್ಲಿ ಇದ್ದದ್ದು ಅಷ್ಟೇ. ಇಂಥದ್ದು ಕೇಳಿದರೆ ನನಗೆ ಮೊದಲು ಬರುವುದು ಸಿಟ್ಟು.

"ಲೇ ವೀರೇಶ, ಗಾಡಿಯಿಂದ ಕೈ ತಗಿ. ರೀ, ಕೀಲಿ ಅವನ ಕೈಯಾಗ ಕೊಡ್ರಿ. ಪಣ ಇನ್ನೂ ಮುಗಿದಿಲ್ಲ."

ಅತ್ತೆಯ ಹತ್ತಿರ ಹೋದೆ. ಅವರನ್ನು ಮಂದಿಯ ಮುಂದೆ ಬೈಯಲು ನನಗೆ ಬಾಯಿ ಬರಲಿಲ್ಲ. "ಅತ್ತಿ, ಗಾಲಿಗೆ ಎಣ್ಣಿ ಹಚ್ಚೀರಿ, ಛಲೋ ಆತು. ಎಣ್ಣಿ ಹಚ್ಚಿದ ಮ್ಯಾಲ ನೀರ ಎರೀಬೇಕಲ್ಲರಿ?"

"ಹೌದವಾ" ಎಂದರು ಅವರು ಗಾಬರಿಯಿಂದ. "ಹಂಗ ಬಿಟ್ರ ಶೀತ ಆಕ್ಕೈತಿ. ಹಂಡೇದಾಗ ಬಿಸಿನೀರು ಐತಿ, ತಾ ಜಲ್ದಿ."

ಬಾಬಣ್ಣ ಒಮ್ಮೆ ಎಣ್ಣೆಯ ಗಿಂಡಿ ನೋಡಿದ, ಒಮ್ಮೆ ಟೈರು ನೋಡಿದ, ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಮುದುಕರ ಪಕ್ಕದಲ್ಲಿ ಕುಳಿತ.

ನಾನು ಹೊಸ ಸೀರೆಯ ಸೆರಗು ಸಿಕ್ಕಿಸಿ, ಸೀಗೆಪುಡಿಯ ಡಬ್ಬಿ ಹಿಡಿದು ಕೆಸರಿನಲ್ಲಿ ಕುಳಿತೆ. ಯಜಮಾನರು ಬಿಸಿನೀರು ಹಾಕಿದರು, ನಾನು ತೆಂಗಿನ ನಾರಿನಿಂದ ತಿಕ್ಕಿದೆ. ಮಕ್ಕಳಿಗೆ ಎರೆದ ಹಾಗೆಯೇ, ಕಿವಿಯ ಸಂದಿ ಬಿಡದೆ ಪ್ರತಿ ಗೀರನ್ನೂ ತಿಕ್ಕಿದೆ. ಬಾಬಣ್ಣ ಗಾಡಿಯನ್ನು ಸ್ವಲ್ಪ ಸ್ವಲ್ಪ ಮುಂದೆ ಸರಿಸುತ್ತಿದ್ದ, ನೆಲಕ್ಕೆ ಅಂಟಿದ ಭಾಗವೂ ಮೇಲೆ ಬರಲಿ ಎಂದು. ಅತ್ತೆ ಜಗಲಿಯ ಮೇಲಿನಿಂದ, "ಕಣ್ಣಾಗ ಹೋಗದಂಗ ನೋಡ" ಎಂದು ಹೇಳಿದರು. ಯಾರ ಕಣ್ಣು ಎಂದು ನಾವು ಕೇಳಲಿಲ್ಲ. ಮೊದಲ ಸಲ ಜಾರುವಾಗ ಗಾಡಿ ಏರಿನ ಕಲ್ಲಿಗೂ ಎಣ್ಣೆ ಬಳಿದು ಬಂದಿತ್ತಲ್ಲ, ಅದಕ್ಕೆ ಒಲೆಯ ಬೂದಿ ಹಾಕಿ ಉಜ್ಜಿ ನೀರು ಹೊಡೆದೆವು.

ಎರಡನೆಯ ಸಲ ಕಾಂಟೆಸ್ಸಾ ಏರಿಗೆ ಮೂತಿ ಇಟ್ಟಾಗ ಕಟ್ಟೆಯ ಮುದುಕರು ಮೊದಲೇ ಕಾಲು ಮೇಲೆತ್ತಿಕೊಂಡರು. ಗಾಲಿಗಳು ಕಲ್ಲನ್ನು ಹಿಡಿದವು. ಹಿಡಿದದ್ದು ಕಣ್ಣಿಗೇ ಕಂಡಿತು. ಬಳುಕಲಿಲ್ಲ, ಸರಕಲಿಲ್ಲ, ಗಾಡಿ ಸೀಗೆಕಾಯಿಯ ವಾಸನೆ ಬೀರುತ್ತ ಒಂದೇ ದಮ್ಮಿಗೆ ಮೇಲೆ ಹೋಗಿ ನಿಂತಿತು. ವೀರೇಶ ತನ್ನ ಹಾರ ಕೇಳಿದ. ಹಾಕಿದ ಹಾರ ತೆಗೆಯಬಾರದು ಎಂದು ಹೇಳಿ, ಅವನ ಕೈಯಲ್ಲಿ ನಾಲ್ಕು ಉಂಡಿ ಇಟ್ಟು ಕಳಿಸಿದೆ.

ಪಣದ ಪ್ರಕಾರ ಬಾಯಿ ಮುಚ್ಚಿಕೊಂಡು ಹಿಂದೆ ಕುಳಿತೆ, ಬೆನ್ನಿಗೆ ದಿಂಬು. ಶಿರಹಟ್ಟಿ ದಾಟಿದೆವು. ಅದೇ ತಿರುವು, ಅದೇ ಎರೆಮಣ್ಣು, ಅದೇ ಮಳೆ. ಉಂಡಿಯ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದೆ. ಬಾಬಣ್ಣ ವೇಗ ಇಳಿಸಿ, ಎತ್ತು ನಡೆಸಿದ ಹಾಗೆ ನಡೆಸಿದ. ಕಣ್ಣು ತೆರೆದಾಗ ತಿರುವು ಹಿಂದೆ ಹೋಗಿತ್ತು, ಡಿಕ್ಕಿ ನಮ್ಮ ಜೊತೆಯಲ್ಲೇ ಇತ್ತು.

"ಅಕ್ಕಾ, ಈಗರ ಏನರ ಅನ್ನು" ಎಂದ ಕನ್ನಡಿಯಲ್ಲಿ ನನ್ನನ್ನು ನೋಡುತ್ತ. ಹೇಳುವುದು ಬಹಳ ಇತ್ತು. ಮಾತು ಕೊಟ್ಟಿದ್ದೆನಲ್ಲ, ಅವನ ಹೆಗಲ ಮೇಲೆ ಕೈ ಇಟ್ಟೆ. ಗದಗ ಬರುವ ತನಕ ಅವನು ಮೂಗು ಒಂದೆರಡು ಸಲ ಒರೆಸಿಕೊಂಡ.

ಬೆಟಗೇರಿಯ ಓಣಿಗೆ ತಿರುಗಿದಾಗ ದೂರದಿಂದಲೇ ಅವ್ವ ಕಂಡಳು. ಹೊಸ್ತಿಲ ಹೊರಗೆ, ಮಳೆಯಲ್ಲಿ, ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ನಮ್ಮತ್ತೆ ಅವಳಿಗೆ ಫೋನು ಮಾಡಿ ತಮ್ಮ ಸೇವೆಯ ಸುದ್ದಿಯನ್ನೆಲ್ಲ ಹೇಳಿದ್ದರು. ಅವ್ವನ ಕೈಯಲ್ಲಿ ಎಣ್ಣೆಯ ಬಟ್ಟಲು. ಗಾಡಿ ನಿಂತಿತೋ ಇಲ್ಲವೋ, ಸೀದಾ ಹಿಂದಿನ ಗಾಲಿಯ ಹತ್ತಿರ ಬಂದು ಬಗ್ಗಿದಳು.

ಬಾಬಣ್ಣ "ಅಕ್ಕಾ" ಎಂದು ಕೂಗಿದ. ನಾನು ಬಾಗಿಲು ತೆಗೆದು ಹಾರಿದೆ. ಬೆಟಗೇರಿ ಮುಟ್ಟಿತ್ತು, ಇನ್ನು ಮಾತಾಡಬಹುದಿತ್ತು.

"ಯವ್ವಾ, ಅದಕ್ಕ ಬ್ಯಾಡಬೇ."

"ಮತ್ತ ನಾ ಯಾಕ ತಂದೆ ಇಷ್ಟ ಎಣ್ಣಿ" ಎಂದಳು ಅವ್ವ, ಬಟ್ಟಲು ಹಿಡಿದು ನನ್ನ ಮುಖ ನೋಡುತ್ತ.

ನಾನು ಅವಳನ್ನು ಹೊಸ್ತಿಲಿಗೆ ಕರೆದುಕೊಂಡು ಬಂದು, ಅವಳ ಕಾಲ ಹತ್ತಿರ ಕುಳಿತು ತುರುಬು ಬಿಚ್ಚಿದೆ.

"ನನ್ನ ತಲಿಗೆ ಹಚ್ಚು."